ನಾನು ಬಿಟ್ಟು ಬರೆದ ಗೂಡ್ಸ್ ಗಾಡಿ

ಠಾಣೆಯ ಕನ್ನಡ ಸಂಘವೊಂದು ತಿಂಗಳಿಗೊಮ್ಮೆ ತರುವ ಪತ್ರಿಕೆಯಲ್ಲಿ ನಾನು ಒಂದು ವರ್ಷ ದೆವ್ವಗಳ ಬಗ್ಗೆ ಬರೆದೆ. ಕೊನೆಯ ಪುಟ, ಹನ್ನೆರಡು ಸಂಚಿಕೆ. ಬರೆಯುವುದು ನನ್ನ ಕಸುಬಲ್ಲ. ಡೊಂಬಿವಲಿಯಲ್ಲಿ ನನ್ನದೊಂದು ಹಳೆ ಸಾಮಾನಿನ ಅಂಗಡಿ ಇದೆ. ಮನೆ ಖಾಲಿ ಮಾಡುವವರಿಂದ ಮಂಚ, ಕಪಾಟು, ಹೊಲಿಗೆ ಯಂತ್ರ ಕೊಂಡು, ಹೊಸದಾಗಿ ಮನೆ ಹೂಡುವವರಿಗೆ ಮಾರುತ್ತೇನೆ. ಮದುವೆಯಾಗಿ ವಿಜಯಪುರದ ಕಡೆಯಿಂದ ಬಂದ ಹೊಸದರಲ್ಲಿ ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು, ಹಳೆ ಸೀರೆಗೆ ಪಾತ್ರೆ ಕೊಡುತ್ತ ಮಹಡಿ ಹತ್ತಿಳಿಯುತ್ತಿದ್ದೆ. ಆರು ಸೀರೆಗೆ ಒಂದು ಡಬ್ಬಿ ಎಂದು ಶುರುಮಾಡಿದರೆ ನಾಲ್ಕಕ್ಕೆ ಮುಗಿಯುತ್ತಿತ್ತು. ಮೂರು ಸಿಕ್ಕರೂ ನನಗೆ ಲಾಭವೇ ಇತ್ತು. ಆ ಬುಟ್ಟಿಯಿಂದ ಈ ಅಂಗಡಿಯ ತನಕ ನನ್ನನ್ನು ತಂದದ್ದು ನನ್ನ ಬಾಯಿ. ಬರವಣಿಗೆಯನ್ನೂ ಅದೇ ತಂದಿತು.

ಪತ್ರಿಕೆಯ ಸಂಪಾದಕರು ಮೈಸೂರು ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಸಂಘದ ಪುಸ್ತಕಗಳಿಗೆ ಗಾಜಿನ ಬಾಗಿಲಿನ ಕಪಾಟು ಬೇಕೆಂದು ಅಂಗಡಿಗೆ ಬಂದರು. ನನ್ನ ವ್ಯಾಪಾರದಲ್ಲಿ ಒಂದು ರೀತಿ ಇದೆ. ಮಾಲಿನಲ್ಲಿ ಒಡಕಿದ್ದರೆ ಗಿರಾಕಿಗಿಂತ ಮೊದಲು ನಾನೇ ತೋರಿಸುತ್ತೇನೆ. ಅವನು ಕಂಡುಹಿಡಿದರೆ ಅದು ಅವನ ಗೆಲುವು, ರೇಟು ಬೀಳುತ್ತದೆ. ನಾನೇ ತೋರಿಸಿದರೆ ಉಳಿದದ್ದೆಲ್ಲ ಗಟ್ಟಿಯೆಂದು ನಂಬುತ್ತಾನೆ. ಅಂಗಡಿ ಇಡುವ ಮನಸ್ಸಿದ್ದವರು ಇದನ್ನು ಬರೆದಿಟ್ಟುಕೊಳ್ಳಿ.

"ಸರ್, ಈ ಕಪಾಟಿನ ಎಡಗಡಿ ಬಾಗಲಾ ತಾನ ತೆರೀತದ," ಎಂದೆ. "ಕಲ್ಯಾಣದಾಗಿನ ಒಂದು ಮನಿಯಿಂದ ತಂದದ್ದು. ಆ ಮನಿ ಅಜ್ಜಿ ಇದರೊಳಗ ಶೇಂಗಾ ಉಂಡಿ ಇಡ್ತಿದ್ರಂತ. ಅಜ್ಜಿ ಹ್ವಾದ ಮ್ಯಾಲೂ ಮೊಮ್ಮಗ ಸಾಲಿಯಿಂದ ಬಂದ ಕೂಡ್ಲೆ ಬಾಗಲಾ ತೆರೀತಿತ್ತಂತ."

"ಕೀಲು ಸಡಿಲ ಆಗಿದೆ, ಅಷ್ಟೇ ಅಲ್ವೇನಮ್ಮ?"

"ಹೌದ್ರಿ. ಒಂದು ಸ್ಕ್ರೂ ಬಿಗಿ ಮಾಡಿದ್ರ ನಿಂದರ್ತದ. ಅವರು ಮಾಡಿರ್ಲಿಲ್ಲ."

ಅವರು ಬಾಗಿಲನ್ನು ಎರಡು ಸಲ ಮುಚ್ಚಿ ತೆರೆದರು. ಕಪಾಟು ನನ್ನ ರೇಟಿಗೇ ಹೋಯಿತು. ಟೆಂಪೋ ಹತ್ತಿಸುವಾಗ, "ಇಂಥವು ಇನ್ನೂ ಇದ್ರೆ ಪತ್ರಿಕೆಗೆ ಬರೆದುಕೊಡಿ, ಸಂಭಾವನೆ ಮಾತ್ರ ಕೇಳಬೇಡಿ," ಎಂದರು. ಪುಕ್ಕಟೆ ಕೆಲಸ ನಮ್ಮ ಮನೆತನದಲ್ಲಿ ಯಾರೂ ಮಾಡಿಲ್ಲ. ಬರಹದ ಕೆಳಗೆ ನನ್ನ ಅಂಗಡಿಯ ಜಾಹೀರಾತು, ಫೋನ್ ನಂಬರ್ ಸಮೇತ ಹಾಕಬೇಕೆಂದು ಹಿಡಿದೆ. ಒಪ್ಪಿದರು. ಗೆದ್ದೆನೆಂದುಕೊಂಡೆ. ದೆವ್ವದ ಕತೆಯ ಕೆಳಗೆ 'ಹಳೆಯ ಮಂಚ, ತೊಟ್ಟಿಲು ದೊರೆಯುತ್ತವೆ' ಎಂದು ಅಚ್ಚಾದರೆ ಏನಾಗುತ್ತದೆಂದು ಹೊಳೆದಿರಲಿಲ್ಲ. ಆ ತಿಂಗಳು ಒಂದು ಮಂಚವೂ ಹೋಗಲಿಲ್ಲ. ಮುಂದಿನ ತಿಂಗಳಿಂದ ಜಾಹೀರಾತಿನಲ್ಲಿ ಕಬ್ಬಿಣದ ಕಪಾಟು, ಕಬ್ಬಿಣದ ಕುರ್ಚಿ ಎಂದಷ್ಟೇ ಹಾಕಿಸಿದೆ. ಕಬ್ಬಿಣಕ್ಕೆ ದೆವ್ವ ಹತ್ತುವುದಿಲ್ಲವೆಂದು ನಮ್ಮ ಜನಕ್ಕೆಲ್ಲ ಗೊತ್ತಿದೆ.

ಭಾನುವಾರ ಮಧ್ಯಾಹ್ನ ಬಿಲ್ ಬುಕ್ಕಿನ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಮಹಾಪೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಸಂಪಾದಕರಿಗೆ ಕಳಿಸುತ್ತಿದ್ದರು. ಕಳಿಸುವ ಮುಂಚೆ ಓದುತ್ತಿದ್ದರು. "ಈ ತಿಂಗಳಾ ಯಾರ ಪಾಳಿ?" ಎಂದು ಕೇಳುತ್ತಿದ್ದರು, ಸತ್ತವರು ಶಿಫ್ಟಿನಲ್ಲಿ ಬರುವ ಹಾಗೆ.

ಮೊದಲ ಎರಡು ತಿಂಗಳು ಕತೆ ಹುಡುಕಿಕೊಂಡು ಹೋದೆ. ಆಮೇಲೆ ಅವೇ ಬಂದವು. ಮಂಚ ನೋಡಲು ಬಂದವರು ಮಂಚ ಬಿಟ್ಟು ತಮ್ಮ ಅತ್ತೆಯ ಕತೆ ಹೇಳಿ ಹೋಗುತ್ತಿದ್ದರು. ಭಿವಂಡಿಯಲ್ಲಿ ಮುಚ್ಚಿದ ಮಗ್ಗದ ಶೆಡ್ಡಿನೊಳಗೆ ಸದ್ದು ಕೇಳಿದವರು, ಕಲ್ಯಾಣದಲ್ಲಿ ಯಾರೂ ಒತ್ತದೆ ನಾಲ್ಕನೆಯ ಮಹಡಿಯಲ್ಲಿ ನಿಲ್ಲುವ ಲಿಫ್ಟಿನವರು. ಮಹಾಪೆಯ ಒಂದು ಕಂಪನಿಯಲ್ಲಿ ರಾಯಚೂರಿನ ವಾಚ್‌ಮನ್ ತೀರಿಕೊಂಡ ಮೇಲೂ ಒಂದು ವಾರ ರಿಜಿಸ್ಟರಿನಲ್ಲಿ ಅವನ ಸಹಿ ಬೀಳುತ್ತಿತ್ತಂತೆ. ಓದುಬರಹ ಬಾರದ ಅವನ ಸಹಿಯನ್ನು ವರ್ಷಾನುಗಟ್ಟಲೆ ಜೊತೆಗಾರನೇ ಹಾಕುತ್ತಿದ್ದ. ಕೈ ರೂಢಿ ಬಿಡಲಿಲ್ಲ, ತನ್ನದರ ಕೆಳಗೆ ಅವನದನ್ನೂ ಹಾಕುತ್ತ ಹೋದ. ಇದನ್ನು ಹೇಳಿದವನು ಆ ಜೊತೆಗಾರನೇ. ನಗುತ್ತಾ ಶುರುಮಾಡಿದವನು ನಡುವೆ ಚಹಾ ತರುತ್ತೇನೆಂದು ಎದ್ದು ಹೋದ, ತಿರುಗಿ ಬರುವಾಗ ಮುಖ ತೊಳೆದುಕೊಂಡಿದ್ದ. ಒಂದು ಮಾತು ಹೇಳುತ್ತೇನೆ, ನಿಮ್ಮ ಹತ್ತಿರ ಯಾರಾದರೂ ದೆವ್ವದ ಕತೆ ಹೇಳಲು ಬಂದರೆ ನಡುವೆ ಬಾಯಿ ಹಾಕಬೇಡಿ. ಸತ್ತವರ ಹೆಸರು ಎತ್ತಲು ಮನೆಯಲ್ಲಿ ಅವರಿಗೆ ಬೇರೆ ನೆಪ ಸಿಕ್ಕಿರುವುದಿಲ್ಲ.

ಹನ್ನೊಂದನೆಯ ತಿಂಗಳು ಬರೆದದ್ದು ಹೊಲಿಗೆ ಯಂತ್ರದ ಕತೆ. ನಾನು ತಪ್ಪು ಮಾಡಿದ್ದು ಅಲ್ಲಿಯೇ.

ಕಾಲಿನಿಂದ ತುಳಿಯುವ ಹಳೆಯ ಯಂತ್ರ ಅದು. ಹಿಂದಿನ ವರ್ಷ ಠಾಣೆಯ ಒಬ್ಬ ಅಮ್ಮನಿಂದ ಕೊಂಡಿದ್ದೆ. ಉಡುಪಿ ಕಡೆಯವರು, ತೀರಿಹೋದ ಗಂಡ ಟೇಲರ್ ಆಗಿದ್ದರು. ಅವರ ಬಿಲ್ಡಿಂಗ್ ಕೆಡವಿ ಕಟ್ಟುವುದಿತ್ತು, ಐರೋಲಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆಗೆ ಹೋಗಬೇಕಿತ್ತು, ಅಲ್ಲಿ ಯಂತ್ರಕ್ಕೆ ಜಾಗವಿರಲಿಲ್ಲ. ಅದನ್ನು ನಾನು ಕೋಪರ್ ಸ್ಟೇಷನ್ ಹತ್ತಿರ, ಹಳಿಯ ಪಕ್ಕದ ಚಾಳಿನಲ್ಲಿರುವ ಕಲಬುರಗಿಯ ಒಬ್ಬಳಿಗೆ ಮಾರಿದೆ. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ, ಇವಳು ಮನೆಯಲ್ಲಿ ಹೊಲಿಯುತ್ತಾಳೆ. ಬ್ಲೌಸು, ಫಾಲ್, ಬೇಸಿಗೆಯಲ್ಲಿ ಸಾಲಿ ಮಕ್ಕಳ ಯೂನಿಫಾರ್ಮು. ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ಬ್ಲೌಸು ಕೊಡಲು ಹೋದಾಗ ನಗುತ್ತ ಕರೆದಳು.

"ಅಕ್ಕಾ, ಮಜಾ ನೋಡ್ರಿ. ಕುಂಡ್ರಿ ಇಲ್ಲಿ."

ಮಕ್ಕಳು ಚಕ್ರ ತಿರುವಬಾರದೆಂದು ಊಟದ ಹೊತ್ತಿಗೆ ಬೆಲ್ಟ್ ಕಳಚಿಟ್ಟರೆ ಸಂಜೆಯೇ ಮತ್ತೆ ಹಾಕುತ್ತಾಳೆ. ಬೆಲ್ಟ್ ಇಲ್ಲದ ಪೆಡಲು ಹಗುರ. ನಾಲ್ಕು ಗಂಟೆಗೆ ಹಿಂದಿನ ಹಳಿಯ ಮೇಲೆ ಉದ್ದನೆಯ ಗೂಡ್ಸ್ ಗಾಡಿ ಬಂತು. ನೆಲ ಗುಡುಗುಡು ಎಂದಿತು, ಯಂತ್ರದ ಪೆಡಲು ಯಾರೋ ಕಾಲಿಟ್ಟ ಹಾಗೆ ಮೇಲೆ ಕೆಳಗೆ ಆಡತೊಡಗಿತು. ಗಾಡಿ ಹೋಯಿತು, ಪೆಡಲು ನಿಂತಿತು. "ದಿನಾ ಹಿಂಗ," ಎಂದಳು ಅವಳು. ಇಬ್ಬರೂ ನಕ್ಕೆವು.

ಇದನ್ನು ಇದ್ದದ್ದಿದ್ದ ಹಾಗೆ ಬರೆದೆ. ಮೊದಲ ಯಜಮಾನ ಠಾಣೆಯ ಟೇಲರ್, ಕರಾವಳಿಯವರು, ಯಂತ್ರದ ಕುತ್ತಿಗೆಗೆ ಸೂಜಿ ಚುಚ್ಚಿಡಲು ಕೆಂಪು ಫ್ಲಾನೆಲ್ ಪಟ್ಟಿ ಸುತ್ತಿದ್ದರು, ಅದಿನ್ನೂ ಹಾಗೇ ಇದೆ ಎಂಬುದನ್ನೂ ಹಾಕಿದೆ. ಸಂಪಾದಕರ ಫೋನ್ ಬಂತು.

"ಚೆನ್ನಾಗಿದೆಯಮ್ಮ. ಆದ್ರೆ ಗೂಡ್ಸ್ ಗಾಡಿ ಬಂದ್ಮೇಲೆ ಇನ್ನೇನು ಉಳೀತು? ಗಾಡಿ ತೆಗೆದುಬಿಡೋಣ್ವಾ?"

ಅಂಗಡಿಯಲ್ಲಿ ಗಿರಾಕಿ ಇದ್ದ. "ತೆಗೀರಿ ಸರ್," ಎಂದೆ. ಒಂದೇ ಮಾತು. ಪತ್ರಿಕೆ ಬಂದ ದಿನ ಗಂಡ ಓದಿ, ಮಡಚಿ ಇಟ್ಟು, "ಒಡಕ ಮುಚ್ಚಿ ಮಾರಿದಿ ಬಿಡು," ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ದಿನ ಠಾಣೆಯ ಆ ಅಮ್ಮ ಪತ್ರಿಕೆ ಸುರುಳಿ ಸುತ್ತಿ ಹಿಡಿದುಕೊಂಡು ಅಂಗಡಿಗೆ ಬಂದರು. ನೀರು ಕೊಟ್ಟೆ, ಕುಡಿಯಲಿಲ್ಲ.

"ಈ ಮೆಷಿನ್ ಈಗ ಎಲ್ಲಿ ಉಂಟು?"

"ಯಾಕ್ರಿ ಅಮ್ಮಾ?"

"ನಾಲ್ಕು ಗಂಟೆಗೆ ಅವರು ಚಾ ಕುಡಿಯುವುದು. ಬೆಲ್ಟ್ ತೆಗೆದಿಟ್ಟು, ಒಂದು ಕಾಲಲ್ಲಿ ಪೆಡಲ್ ಆಡಿಸಿಕೊಂಡು ಚಾ ಕುಡೀತಿದ್ರು. ಇದು ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀವು ಹೇಗೆ ಬರೆದಿರಿ?"

ಅವರು ಮುಂದುವರಿಸಿದರು: "ಸಾಮಾನು ಅಂತ ಮಾರಿದೆ. ಅವರನ್ನೇ ಮಾರಿದ ಹಾಗಾಯ್ತಲ್ಲ ಮಾರಾಯ್ರೆ. ವಾಪಸ್ ತಂದುಕೊಡಿ. ನೀವು ಹೇಳಿದ ರೇಟು. ಬಿಲ್ಡಿಂಗ್ ಕೆಡವುದು ಮುಂದೆ ಹೋಗಿ ಹೋಗಿ, ಈಗ ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಬೇಕು. ಅವರನ್ನು ಬಿಟ್ಟು ನಾನು ಐರೋಲಿಗೆ ಹೋಗುದಿಲ್ಲ."

ಗಾಡಿಯ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ 'ನೀವು ಹೇಳಿದ ರೇಟು' ಎಂಬುದನ್ನು ಕೇಳಿದ ಮೇಲೆ ಹಳೆ ಸಾಮಾನಿನವರ ನಾಲಿಗೆ ಸ್ವಲ್ಪ ಹೊತ್ತು ಬೇರೆಯದೇ ಲೆಕ್ಕ ಹಾಕುತ್ತದೆ. ನೋಡೋಣ ಎಂದು ಕಳಿಸಿದೆ. ನನ್ನಲ್ಲಿ ಇನ್ನೊಂದು ಯಂತ್ರವಿತ್ತು. ಅದನ್ನು ಹೊಲಿಗೆಯವಳಿಗೆ ಕೊಟ್ಟು, ಇದನ್ನು ಅಮ್ಮನಿಗೆ ಕೊಡುವುದು. ಅಮ್ಮನಿಗೆ ಗಂಡ ಸಿಕ್ಕ, ನನಗೆ ಎರಡು ಕಡೆ ಲಾಭ. ಆ ಇನ್ನೊಂದು ಯಂತ್ರ ದಪ್ಪ ಬಟ್ಟೆಗೆ ಹೊಲಿಗೆ ಬಿಡುತ್ತಿತ್ತು, ಯೂನಿಫಾರ್ಮಿನ ಸೀಸನ್ನಿಗೆ ಅದು ಉಪಯೋಗವಿಲ್ಲ ಎಂಬುದನ್ನು ಆಗ ನಾನು ನೆನಪಿಸಿಕೊಳ್ಳಲು ಹೋಗಲಿಲ್ಲ.

ಮರುದಿನ ಕೋಪರಿಗೆ ಹೋದೆ. ಯೂನಿಫಾರ್ಮಿನ ನೀಲಿ ಬಟ್ಟೆ ಮಂಚದ ಮೇಲೆ ರಾಶಿ ಬಿದ್ದಿತ್ತು. ಅಮ್ಮನ ಸುದ್ದಿ ಹೇಳಿದೆ: ಗಂಡ, ಚಹಾ, ನಾಲ್ಕು ಗಂಟೆ. ಹೇಳುತ್ತಿದ್ದ ಹಾಗೆ ಅವಳ ಕಾಲು ನಿಂತಿತು. ಚಪ್ಪಲಿ ಬಿಟ್ಟಿದ್ದ ಎರಡೂ ಪಾದಗಳನ್ನು ಪೆಡಲಿನಿಂದ ತೆಗೆದು ಮೇಲಕ್ಕೆ ಮಡಚಿಕೊಂಡಳು.

"ಆಕಿ ಹೇಳೋದು ಖರೇ ಇದ್ರ, ನಾ ಇಷ್ಟು ದಿವಸ ಅವರನ್ನ ತುಳದಂಗಾತಲ್ರಿ ಅಕ್ಕಾ."

"ಹುಚ್ಚಿ, ಅದು ಗೂಡ್ಸ್ ಗಾಡಿ. ನೀನ ತೋರಿಸಿದಿ ನನಗ."

"ಗಾಡಿ ಬಂದ್ರ ಮಂಚ ಯಾಕ ಆಡಂಗಿಲ್ಲ? ಹಂಡೆ ಯಾಕ ಆಡಂಗಿಲ್ಲ?"

"ಕಬ್ಬಿಣಕ್ಕ ದೆವ್ವ ಹತ್ತಂಗಿಲ್ಲ."

"ಅವರು ದೆವ್ವ ಅಲ್ಲಲ್ರಿ, ಹಿರಿಯಾರು. ಹಿರಿಯಾರ ಮ್ಯಾಲ ಕಾಲ ಹ್ಯಾಂಗ ಇಡ್ಲಿ? ಮನ್ಯಾಗ ಎರಡು ಮಕ್ಕಳವ ನನಗ."

ಅವಳಿಗೆ ಓದಲು ಬರುವುದಿಲ್ಲ. ನಾನು ಬರೆದದ್ದನ್ನು ಅವಳು ನೋಡಿಯೂ ಇರಲಿಲ್ಲ. ಕಣ್ಣಾರೆ ಗಾಡಿ ಕಂಡವಳು, ನನಗೇ ಕರೆದು ತೋರಿಸಿದವಳು, ನನ್ನ ಬಾಯಿಂದ ಒಂದು ಸುದ್ದಿ ಕೇಳಿ ಯಂತ್ರ ಬಿಟ್ಟು ಇಳಿದಳು. "ಒಯ್ಯರಿ, ನಿಮ್ಮ ಬ್ಯಾರೆ ಮಷಿನ್ ತಂದು ಹಾಕ್ರಿ," ಎಂದಳು. ಚೌಕಾಸಿ ಇಲ್ಲ, ತಕರಾರಿಲ್ಲ. ಇಷ್ಟು ಸುಲಭದ ವ್ಯಾಪಾರ ನನಗೆ ಹಿಂದೆ ಎಂದೂ ಸಿಕ್ಕಿರಲಿಲ್ಲ.

ಅದನ್ನು ಮುರಿದದ್ದು ಒಂದು ಮಂಚ. ಅಮ್ಮ ಫೋನ್ ಮಾಡಿ, ತಮ್ಮ ಮಂಚ ಕೊಳ್ಳುತ್ತೀರಾ ಎಂದು ಕೇಳಿದರು. ಠಾಣೆಗೆ ಹೋದೆ. ಗಟ್ಟಿ ಸಾಗುವಾನಿ, ಎತ್ತರದ ಮಂಚ. ಅದರಿಂದ ಏಳುವಾಗಲೇ ಅವರು ಎರಡೂ ಮೊಣಕಾಲು ಹಿಡಿದುಕೊಂಡು, ಗೋಡೆ ಹಿಡಿದು, ಒಂದು ಗಳಿಗೆ ನಿಂತರು.

"ಮಂಚ ಮಾರಿ ಎಲ್ಲಿ ಮಲಗ್ತೀರಿ?"

"ನೆಲದಲ್ಲಿ. ಅಲ್ಲಿ ಸಾಮಾನಿಡ್ಲಿಕ್ಕೆ ಒಂದೇ ಗೋಡೆ ಉಂಟು. ಮಂಚ ಇಟ್ಟರೆ ಮೆಷಿನ್ ಹಿಡಿಯುದಿಲ್ಲ."

"ನೆಲದಿಂದ ಏಳಾಕ ಆಗ್ತದೇನ್ರಿ ನಿಮಗ?"

"ಆಗ್ಲಿಕ್ಕಿಲ್ಲ. ಅವರು ಇರ್ತಾರಲ್ಲ," ಎಂದು ನಕ್ಕರು.

ನಾನು ಮಂಚದ ಕಾಲಿನ ಕೆಳಗೆ ಗೆದ್ದಲು ಇದೆಯೇ ಎಂದು ನೋಡಲು ಬಗ್ಗಿದ್ದೆ. ಹಳೆ ಮಂಚ ಕೊಳ್ಳುವವರು ಮೊದಲು ನೋಡಬೇಕಾದ್ದು ಅಲ್ಲಿಯೇ. ಬಗ್ಗಿದವಳು ಅಲ್ಲೇ ಸ್ವಲ್ಪ ಹೊತ್ತು ಇದ್ದೆ. ಮಂಚದಲ್ಲಿ ಒಂದು ತೂತೂ ಇರಲಿಲ್ಲ. ಎದ್ದು, "ಮಂಚ ಈಗ ಬ್ಯಾಡ್ರಿ. ನಾಳೆ ಮೂರು ಗಂಟೆಗೆ ತಯಾರಿರ್ರಿ, ಕೋಪರಿಗೆ ಹೋಗೋಣ," ಎಂದೆ.

ಠಾಣೆಯಿಂದ ಸ್ಲೋ ಲೋಕಲ್ ಹತ್ತಿದೆವು. ಮಧ್ಯಾಹ್ನ, ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಳವಾ ದಾಟಿತು, ಮುಂಬ್ರಾ ದಾಟಿತು. ಪ್ರತಿ ಸ್ಟೇಷನ್ನಿಗೂ ಮುಂದಿನದರಲ್ಲಿ ಹೇಳುತ್ತೇನೆಂದುಕೊಂಡೆ. ದಿವಾದಲ್ಲಿ ಹೇಳಿದೆ. ಗಾಡಿ ಇತ್ತು, ಮೊದಲು ಬರೆದಿದ್ದೆ, ಸಂಪಾದಕರು ಕೇಳಿದ್ದಕ್ಕೆ ತೆಗೆಯಲು ಒಪ್ಪಿದೆ.

ಅವರು ಕಿಟಕಿಯಾಚೆ ನೋಡುತ್ತಿದ್ದರು.

"ಹಾಗಾದರೆ ಸುಳ್ಳಾ?"

"ಪೆಡಲ್ ಆಡೋದು ಖರೇ. ನಾಲ್ಕು ಗಂಟೆನೂ ಖರೇ. ಗಾಡಿ ಬಿಟ್ಟೆ."

"ಮತ್ತೆ ಈಗ ಎಂತಕ್ಕೆ ಕರ್ಕೊಂಡು ಹೋಗುದು?"

"ನೀವ ನೋಡ್ರಿ. ನೋಡಿ ಬೇಕಂದ್ರ, ಇವತ್ತ ಟೆಂಪೋ ತರಸ್ತೀನಿ. ನನಗ ಒಂದು ಪೈಸೆ ಬ್ಯಾಡ."

ಕೋಪರ್ ಬಂತು. ಇಳಿಯುವಾಗ ನನ್ನ ಕೈ ಹಿಡಿದುಕೊಂಡರು. ಮೊಣಕಾಲಿಗಾಗಿ ಹಿಡಿದದ್ದು, ನನ್ನನ್ನು ಕ್ಷಮಿಸಿ ಅಲ್ಲ.

ಚಾಳಿನಲ್ಲಿ ಹೊಲಿಗೆಯವಳು ನೆಲ ಸಾರಿಸಿ, ಯಂತ್ರ ಒರೆಸಿ, ಗೋಡೆಗೆ ಒರಗಿ ನಿಂತಿದ್ದಳು. ಐದು ದಿನದಿಂದ ಅವಳು ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ನೀಲಿ ರಾಶಿ ಹಾಗೇ ಇತ್ತು. ಅಮ್ಮ ಸ್ಟೂಲಿನ ಮೇಲೆ ಕುಳಿತರು. ನಾಲ್ಕಕ್ಕೆ ಗಾಡಿ ಬಂತು. ನೆಲ ಅದುರಿತು, ಪೆಡಲು ಆಡಿತು. ಅಮ್ಮ ಕಣ್ಣ ರೆಪ್ಪೆ ಬಡಿಯದೆ ಅದನ್ನೇ ನೋಡಿದರು. ಕೊನೆಯ ವ್ಯಾಗನ್ ಹೋಗಿ ಪೆಡಲು ನಿಂತ ಮೇಲೂ ನೋಡುತ್ತಿದ್ದರು.

"ಇದು ಅವರ ಕಾಲಲ್ಲ," ಎಂದರು.

ಹೊಲಿಗೆಯವಳು ನನ್ನ ಕಡೆ ನೋಡಿದಳು.

"ಅವರದ್ದು ಎರಡು ಸಲ ಒತ್ತಿ ಒಂದು ಗುಟುಕು, ಎರಡು ಸಲ ಒತ್ತಿ ಒಂದು ಗುಟುಕು. ಮೂವತ್ತೆಂಟು ವರ್ಷ ನೋಡಿದವಳಿಗೆ ಗೊತ್ತಾಗುದಿಲ್ವಾ? ಇದೆಂತ ಇದು, ಹೆದರಿದ ಕೋಳಿ ಹಾಗೆ."

"ಅಮ್ಮಾರ, ನನ್ನ ಸಲುವಾಗಿ ಹಂಗ ಹೇಳಬ್ಯಾಡ್ರಿ," ಎಂದಳು ಹೊಲಿಗೆಯವಳು. "ಖರೇನ ಹೇಳ್ರಿ. ನಾಳೆ ಮಕ್ಕಳಿಗಿ ಏನರೆ ಆದ್ರ ನಾ ಯಾರನ್ನ ಕೇಳ್ಲಿ?"

"ಗಂಡನ ಮೇಲೆ ನಾನು ಕಾಲಿಡ್ತೇನಾ? ಹೇಳು. ಇಡ್ತೇನಾ?"

"ಇಲ್ರಿ."

"ಬೆಲ್ಟ್ ಹಾಕು. ದಾರ ತಾ."

ಅವಳು ದಾರದ ಉಂಡೆ ಹುಡುಕಲು ತಿರುಗಿದಳು. ಅಷ್ಟರಲ್ಲಿ ಅಮ್ಮ ಬಗ್ಗಿ, ಬೆರಳ ತುದಿಯಿಂದ ಪೆಡಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಸುಬಿನವರ ಮನೆಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ಅದೇನು ದೊಡ್ಡದಲ್ಲ. ಆದರೂ ಅದನ್ನು ನಾನೊಬ್ಬಳೇ ಕಂಡೆ. ಅವಳಿಗೆ ಹೇಳಿಲ್ಲ, ಅಮ್ಮನನ್ನು ಕೇಳಿಯೂ ಇಲ್ಲ. ಕೇಳದೆ ಬಿಡಬೇಕಾದ ಪ್ರಶ್ನೆ ಯಾವುದೆಂದು ಇಷ್ಟು ವರ್ಷದ ವ್ಯಾಪಾರದಲ್ಲಿ ಕಲಿತಿದ್ದೇನೆ.

ದಾರ ಪೋಣಿಸಿದ ಮೇಲೆ ಅಮ್ಮ ಎರಡೂ ಕಾಲು ಇಟ್ಟು ಒತ್ತಿದರು. ಯಂತ್ರ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ತಿರುಗಿತು, ದಾರ ಗಂಟು ಬಿದ್ದು ಕಡಿಯಿತು. ಟೇಲರನ ಹೆಂಡತಿಗೆ ಹೊಲಿಯಲು ಬರುತ್ತಿರಲಿಲ್ಲ. ಗಂಡ ಎಂದೂ ಮುಟ್ಟಗೊಟ್ಟಿರಲಿಲ್ಲವಂತೆ.

"ಸರೀರಿ ಅಮ್ಮಾರ, ಸೂಜಿ ಮುರೀತೀರಿ," ಎಂದು ಹೊಲಿಗೆಯವಳು ಮುಂದೆ ಬಂದಳು. ಒಂದು ಸಲ ನಿಂತಳು. ಆಮೇಲೆ ಕುಳಿತು, ನೀಲಿ ಬಟ್ಟೆಯ ಒಂದು ತುಂಡು ಎಳೆದುಕೊಂಡಳು. ಮೊದಲ ಹೊಲಿಗೆ ನಿಧಾನಕ್ಕೆ, ಒಂದೊಂದಾಗಿ. ತೋಳಿನ ತುದಿ ಮುಗಿಯುವ ಹೊತ್ತಿಗೆ ಎಂದಿನ ವೇಗ ಬಂದಿತ್ತು. ಅಮ್ಮ ಪಕ್ಕದಲ್ಲಿ ನಿಂತು ಟೀಕೆ ಶುರುಮಾಡಿದರು. ಟಾಕೆ ಸಣ್ಣದಾಯಿತು, ಬಿಚ್ಚುವಾಗ ಕಷ್ಟ, ಮಕ್ಕಳು ಬೆಳೀತಾರೆ, ಒಳಗೆ ಎರಡು ಬೆರಳು ಬಟ್ಟೆ ಬಿಡು. "ಯವ್ವಾ, ಹೊಲೀಲಿಕ್ಕಿ ಬರಂಗಿಲ್ಲ, ಹೇಳಲಿಕ್ಕಿ ಭಾರಿ ಬರ್ತದ ನಿಮಗ," ಎಂದಳು ಇವಳು.

ತಿಂಗಳ ಕೊನೆಗೆ ಅಮ್ಮ ಮಂಚ ಸಮೇತ ಐರೋಲಿಗೆ ಹೋದರು. ಟೆಂಪೋ ನನ್ನದೇ. ಮಂಚ ಇಟ್ಟ ಮೇಲೆ ಆ ಮನೆಯಲ್ಲಿ ಒಂದು ಕುರ್ಚಿಗೂ ಜಾಗವಿರಲಿಲ್ಲ, ಸಾಮಾನು ಇಳಿಸಿದವರೆಲ್ಲ ಮಂಚದ ಮೇಲೆಯೇ ಕುಳಿತು ಚಾ ಕುಡಿದೆವು.

ಹನ್ನೆರಡನೆಯ ಬರಹದಲ್ಲಿ, ಅಮ್ಮ ಪೆಡಲು ಮುಟ್ಟಿ ಕಣ್ಣಿಗೊತ್ತಿಕೊಂಡದ್ದೊಂದನ್ನು ಬಿಟ್ಟು, ಇದನ್ನೆಲ್ಲ ಬರೆದೆ, ಗಾಡಿಯನ್ನೂ, 'ತೆಗೀರಿ ಸರ್' ಎಂದ ನನ್ನ ಮಾತನ್ನೂ ಸೇರಿಸಿ. ಸಂಪಾದಕರು ಫೋನ್ ಮಾಡಿದರು.

"ಇದರಲ್ಲಿ ದೆವ್ವವೇ ಇಲ್ವಲ್ಲಮ್ಮ."

"ಇಲ್ರಿ ಸರ್."

"ಅವತ್ತು ಗಾಡಿ ತೆಗೆಯೋಣ ಅಂತ ನಾನು ಕೇಳಬಾರದಿತ್ತು," ಎಂದರು ಅವರು. ಒಂದು ಅಕ್ಷರ ಬಿಡದೆ ಅಚ್ಚು ಹಾಕಿದರು. ಓದಿದವರಲ್ಲಿ ಅರ್ಧ ಜನ ಮೆಚ್ಚಿದರು, ಇನ್ನರ್ಧ ಜನ ರುಚಿ ಕೆಡಿಸಿದಿರಿ ಎಂದು ಬೈದರು. ಮುಂದಿನ ತಿಂಗಳಿಂದ ಆ ಪುಟದಲ್ಲಿ ಅಡುಗೆ ಬರುತ್ತಿದೆ. ನನ್ನ ಜಾಹೀರಾತು ಅದರ ಕೆಳಗೂ ಇದೆ, ಅದನ್ನು ಬಿಡಲು ನಾನು ಒಪ್ಪಲಿಲ್ಲ. ಮಂಚಗಳು ಮತ್ತೆ ಹೋಗುತ್ತಿವೆ. ಕತೆ ಹೇಳುವವರು ಈಗಲೂ ಬರುತ್ತಾರೆ, ಕೇಳಿ ಕಳಿಸುತ್ತೇನೆ. ಆ ಒಂದು ವರ್ಷ ಹೋದಷ್ಟು ಜನರ ಮನೆಯೊಳಗೆ, ಏನನ್ನೂ ಕೊಳ್ಳದೆ, ನಾನು ಮತ್ತೆಂದೂ ಹೋಗಿಲ್ಲ.

ಕೊನೆಯ ಬರಹ ಅಚ್ಚಾದ ವಾರ ಕೋಪರಿನಲ್ಲಿದ್ದೆ. ಸಾಲಿ ತೆರೆಯಲು ನಾಲ್ಕೇ ದಿನ ಉಳಿದಿದ್ದವು. ಹೊಲಿಗೆಯವಳು ತಲೆ ಎತ್ತದೆ ತುಳಿಯುತ್ತಿದ್ದಳು, ಅವಳ ಫೋನು ಸ್ಪೀಕರಿನಲ್ಲಿ ಬಟ್ಟೆಯ ರಾಶಿಯ ಮೇಲಿತ್ತು. ಐರೋಲಿಯಿಂದ ಅಮ್ಮ ನನ್ನ ಬರಹವನ್ನು ಅವಳಿಗೆ ಓದಿ ಹೇಳುತ್ತಿದ್ದರು. ಓದುತ್ತ ಓದುತ್ತ ನಿಲ್ಲಿಸಿದರು.

"ಮಾರಾಯ್ತಿ, ಆ ಮೆಷಿನ್ ಒಮ್ಮೆ ನಿಲ್ಲಿಸು. ನಾನು ಓದಿದ್ದು ನನಗೇ ಕೇಳುದಿಲ್ಲ."

"ನೀವ ಓದ್ರಿ ಅಮ್ಮಾರ," ಎಂದಳು ಅವಳು, ಕಾಲು ನಿಲ್ಲಿಸದೆ. "ನನಗ ಕೇಳಸ್ತದ."